ಬಾಯಿಯ ಕ್ಯಾನ್ಸರಿಗೆ ಶಸ್ತ್ರಕ್ರಿಯೆಯ ಬದಲು ರೀಶಿ ಅಣಬೆಯ ಪುಡಿ ಕೊಡಬಹುದೇ?

ನಿಮ್ಮ ತಂದೆಯವರ ಕೆನ್ನೆಯ ಒಳಭಾಗದಲ್ಲಿ ಕ್ಯಾನ್ಸರ್ ಇರುವುದು ಬಯಾಪ್ಸಿಯಲ್ಲಿ ಖಚಿತವಾಗಿದೆ, ಶಸ್ತ್ರಕ್ರಿಯೆಗೆ ಮೊದಲು ಮೂರು ತಿಂಗಳು ರೀಶಿ ಅಣಬೆಯ ಪುಡಿ ಕೊಟ್ಟು ನೋಡಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಕಾಯಬೇಡಿ. ನಾನು ಕಾಸರಗೋಡಿನ ಬದಿಯಡ್ಕದ ಕಡೆಯವನು; ಮನೆಯಲ್ಲಿ ಅಡಿಕೆ ತೋಟವಿದೆ, ಹದಿನೆಂಟು ವರ್ಷ ಔಷಧದಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿ ದುಡಿದಿದ್ದೇನೆ.

ರೀಶಿ ಎಂಬುದು ಗ್ಯಾನೊಡರ್ಮಾ ಕುಲದ ಅಣಬೆ. ನಮ್ಮ ತೋಟಗಳಲ್ಲಿ ಅಣಬೆ ರೋಗ ತಂದು ಅಡಿಕೆ ಮರವನ್ನು ಬುಡದಿಂದಲೇ ಕೊಲ್ಲುವುದೂ ಅದೇ ಕುಲದ ಶಿಲೀಂಧ್ರ. ಮಳೆಗಾಲದಲ್ಲಿ ಸತ್ತ ಮರದ ಬುಡದಲ್ಲಿ, ವಾರ್ನಿಶ್ ಬಳಿದಂತೆ ಹೊಳೆಯುವ, ಅಂಚು ಮಾತ್ರ ಬೆಳ್ಳಗಿರುವ, ಕತ್ತಿಯಿಂದ ಕಡಿದರೆ ಮರದ ಚಕ್ಕೆಯಂತೆಯೇ ಏಳುವ ಕೆಂಗಂದು ಅಣಬೆಯನ್ನು ನೀವೂ ಕಂಡಿರಬಹುದು. ಅದನ್ನು ಕಿತ್ತು ಕಷಾಯ ಮಾಡುವ ಯೋಚನೆಯೂ ಬೇಡ.

ಔಷಧೀಯ ಅಣಬೆಗಳಲ್ಲಿ ಏನೂ ಇಲ್ಲವೆಂದು ನಾನು ಹೇಳುತ್ತಿಲ್ಲ. ಅವುಗಳಲ್ಲಿರುವ ಬೀಟಾ ಗ್ಲೂಕಾನ್ ಎಂಬ ಸಕ್ಕರೆಯ ಉದ್ದ ಸರಪಳಿಗಳು, ನಮ್ಮ ರಕ್ಷಣಾ ಕೋಶಗಳ ಮೇಲಿರುವ ಡೆಕ್ಟಿನ್-1 ಎಂಬ ಗ್ರಾಹಕ ಪ್ರೋಟೀನಿಗೆ ಅಂಟಿಕೊಂಡು ಅವುಗಳನ್ನು ಚುರುಕುಗೊಳಿಸುತ್ತವೆ. ಜಪಾನಿನಲ್ಲಿ ಟ್ರಾಮೀಟಿಸ್ ಅಣಬೆಯಿಂದ ತೆಗೆದ ಕ್ರೆಸ್ಟಿನ್ 1977ರಲ್ಲಿಯೂ, ಶಿಟಾಕೆ ಅಣಬೆಯ ಲೆಂಟಿನಾನ್ 1985ರಲ್ಲಿಯೂ ಕ್ಯಾನ್ಸರ್ ಔಷಧಗಳಾಗಿ ಮಾನ್ಯತೆ ಪಡೆದವು. ಆದರೆ ಅಲ್ಲಿ ಲೆಂಟಿನಾನನ್ನು ಕೊಡುತ್ತಿದ್ದುದು ಜಠರದ ಕ್ಯಾನ್ಸರಿಗೆ, ಅದೂ ಕೀಮೋಥೆರಪಿಯ ಜೊತೆಗೆ, ಇಂಜೆಕ್ಷನ್ ಮೂಲಕ; ಡಬ್ಬಿಯಲ್ಲಿ ಬರುವ ಪುಡಿಯನ್ನು ಬಿಸಿನೀರಿಗೆ ಕದಡಿ ಕುಡಿಯುವುದು ಅದಕ್ಕೆ ಸಮನಲ್ಲ. ಬಾಯಿಯ ಕ್ಯಾನ್ಸರ್ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ಅಣಬೆಯ ಸಾರ ಹಾಕಿದಾಗ ಕೋಶಗಳು ಸಾಯುವುದುಂಟು, ಆದರೆ ಅಷ್ಟು ಸಾರ ಹೊಟ್ಟೆಯ ಮೂಲಕ ಹೋಗಿ ಕೆನ್ನೆಯ ಗಡ್ಡೆಯನ್ನು ಮುಟ್ಟುತ್ತದೆಂದು ಅದರಿಂದ ಸಿದ್ಧವಾಗುವುದಿಲ್ಲ. ರೀಶಿಯ ಬಗ್ಗೆ, ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚಿ ನೋಡುವ ಕಾಕ್ರೇನ್ ಸಂಸ್ಥೆ ಐದು ಪ್ರಯೋಗಗಳ 373 ಮಂದಿಯ ಫಲಿತಾಂಶಗಳನ್ನು ಒಟ್ಟಿಗಿಟ್ಟು ನೋಡಿತು. ಚಿಕಿತ್ಸೆಯ ಜೊತೆಗೆ ಕೊಟ್ಟಾಗ ಸ್ವಲ್ಪ ಅನುಕೂಲ ಕಂಡಿತು. ಅದನ್ನೇ ಮೊದಲ ಚಿಕಿತ್ಸೆಯಾಗಿ ಬಳಸಲು ತಕ್ಕ ಆಧಾರ ದೊರೆಯಲಿಲ್ಲ.

ನನ್ನ ದೊಡ್ಡಪ್ಪನಿಗೂ ಇದೇ ಕಾಯಿಲೆ ಬಂದಿತ್ತು. ಎಲೆಯಡಿಕೆ ಇಟ್ಟುಕೊಳ್ಳುತ್ತಿದ್ದ ಜಾಗದಲ್ಲಿ ಮೊದಲು ಬಿಳಿ ಮಚ್ಚೆ, ಆಮೇಲೆ ಮಾಯದ ಹುಣ್ಣು. ಮನೆಗೆ ಬಂದ ಮಾರಾಟಗಾರನೊಬ್ಬನ ಮಾತು ನಂಬಿ ನಾಲ್ಕು ತಿಂಗಳು ಪುಡಿ ಕುಡಿದರು. ಅಷ್ಟರಲ್ಲಿ ರೋಗ ದವಡೆಯ ಮೂಳೆಗೆ ಇಳಿದಿತ್ತು. ಕೆನ್ನೆಯ ಜೊತೆಗೆ ಮೂಳೆಯನ್ನೂ ತೆಗೆಯಬೇಕಾಯಿತು. ಗಂಜಿಯ ತಿಳಿಯನ್ನು ಚಮಚದಲ್ಲಿ ಕೊಟ್ಟರೂ ಅರ್ಧ ಹೊರಗೆ ಸುರಿಯುತ್ತಿದ್ದುದನ್ನು, ದೊಡ್ಡಮ್ಮ ಬೈರಾಸಿನಲ್ಲಿ ಒರೆಸುತ್ತಿದ್ದುದನ್ನು ನಾನು ಮರೆತಿಲ್ಲ.

ತಂದೆಯವರು ಎಲೆಯಡಿಕೆ ತಿನ್ನುವವರಾದರೆ ಇಂದೇ ಬಿಡಿಸಿರಿ. ಹೊಗೆಸೊಪ್ಪು ಇಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2004ರ ವರದಿ ಹೇಳಿದೆ. ಅಡಿಕೆಯಿಂದಲೇ ಬದುಕುವ ನನಗೆ ಇದನ್ನು ಬರೆಯುವುದು ಸುಲಭವಲ್ಲ. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ನಮಗೆ ದೂರವಲ್ಲ, ಮಂಗಳೂರಿಗೂ ಹೋಗಬಹುದು. ಪುಡಿಯನ್ನು ಈಗಾಗಲೇ ಕೊಡಲು ಆರಂಭಿಸಿದ್ದರೆ ಮುಚ್ಚಿಡಬೇಡಿ, ಡಬ್ಬಿಯನ್ನೇ ಕೊಂಡೊಯ್ದು ಶಸ್ತ್ರವೈದ್ಯರಿಗೆ ತೋರಿಸಿ. ರೀಶಿ ರಕ್ತ ಹೆಪ್ಪುಗಟ್ಟುವುದನ್ನು ನಿಧಾನಿಸಬಲ್ಲದು, ಆದ್ದರಿಂದ ಶಸ್ತ್ರಕ್ರಿಯೆಗೆ ಎಷ್ಟು ದಿನ ಮೊದಲು ಅದನ್ನು ನಿಲ್ಲಿಸಬೇಕೆಂಬುದನ್ನು ಅವರೇ ಹೇಳಬೇಕು.