ಬಿಪಿ ಮಷಿನ್ ಸುಳ್ಳು ಹೇಳುತ್ತಾ?

ಪ್ರಶ್ನೆ: ಡಾಕ್ಟರ್ ಸಾಹೇಬ್ರೇ, ಅಪ್ಪನಿಗೆ ಅಂತ ಆಟೊಮ್ಯಾಟಿಕ್ ಬಿಪಿ ಮಷಿನ್ ತಂದೆ. ಹತ್ತು ನಿಮಿಷದಲ್ಲಿ 152, 141, 138 ಅಂತ ಮೂರು ಥರ ತೋರಿಸಿತು. ಅಂಗಡಿಯವರು ವಾಪಸ್ ತಗೊಳ್ಳುತ್ತಿಲ್ಲ. ಪಾದರಸದ್ದೇ ತರಬೇಕಿತ್ತಾ? – ಸೇಡಂ

ಉತ್ತರ: ಮತ್ತೆ ಇದೇ ಪ್ರಶ್ನೆ! ಇಷ್ಟಕ್ಕೇ ಮಷಿನ್ ಕೆಟ್ಟಿದೆ ಅನ್ನಬೇಡಿ. ಬಿಪಿ ಬಡಿತದಿಂದ ಬಡಿತಕ್ಕೆ ಬದಲಾಗುತ್ತದೆ, ಮೊದಲ ಸಲ ಜಾಸ್ತಿ ಬರೋದು ಮಾಮೂಲು.

ನಾವು ಸ್ಟೆತಸ್ಕೋಪ್ ಇಟ್ಟು ಸದ್ದು ಕೇಳುತ್ತೇವೆ. 1905ರಲ್ಲಿ ರಷ್ಯಾದ ಕೊರೊಟ್ಕಾಫ್ ತೋರಿಸಿದ ದಾರಿ ಅದು. ನಿಮ್ಮ ಮಷಿನ್‌ಗೆ ಕಿವಿ ಇಲ್ಲ. ತೋಳಿನ ರಕ್ತ ನಿಲ್ಲುವಷ್ಟು ಪಟ್ಟಿ ಉಬ್ಬಿಸಿ, ಮೆಲ್ಲಗೆ ಗಾಳಿ ಬಿಡುತ್ತದೆ. ರಕ್ತನಾಳ ಮಿಡಿದಾಗಲೆಲ್ಲ ಪಟ್ಟಿಯೊಳಗಿನ ಗಾಳಿ ಚೂರು ಅದುರುತ್ತದೆ. ಆ ಅದುರು ಮೊದಲು ಸಣ್ಣದು, ಆಮೇಲೆ ದೊಡ್ಡದು, ಮತ್ತೆ ಸಣ್ಣದು. ಅತಿ ಜೋರಾಗಿ ಅದುರುವಾಗ ಇರುವ ಒತ್ತಡವೇ ಹೆಚ್ಚುಕಮ್ಮಿ ನಿಮ್ಮ ಸರಾಸರಿ ಒತ್ತಡ. ಮೇಲಿನದು, ಕೆಳಗಿನದು ಎರಡನ್ನೂ ಮಷಿನ್ ಈ ಏರಿಳಿತ ನೋಡಿ ಲೆಕ್ಕ ಹಾಕುತ್ತದೆ. ಆ ಲೆಕ್ಕ ಕಂಪನಿಗೊಂದು ಥರ, ಗುಟ್ಟು ಬಿಟ್ಟುಕೊಡುವುದಿಲ್ಲ.

ತೋಳು ಅಲುಗಿದರೆ ಆ ಅದುರೂ ಇದರಲ್ಲಿ ಸೇರಿಕೊಳ್ಳುತ್ತದೆ. ನಮ್ಮ ಮನೆಗಳಲ್ಲಿ ಆಗೋದೇ ಅದು. ಅಪ್ಪ ಬಿಸಿಲಲ್ಲಿ ತೊಗರಿ ಹೊಲದಿಂದ ಬಂದು ಈಗಷ್ಟೇ ಕೂತಿರುತ್ತಾರೆ. ಅಂಗಿ ತೋಳಿನ ಮೇಲೇ ಪಟ್ಟಿ, ತೊಡೆ ಮೇಲೆ ಮೊಮ್ಮಗ, ಬಾಯಲ್ಲಿ 'ಎಷ್ಟು ಬಂತು, ಎಷ್ಟು ಬಂತು?' 152 ಬರದೆ ಇನ್ನೇನು ಬರುತ್ತೆ? ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೂ ಜಾಸ್ತಿಯೇ ತೋರಿಸುತ್ತದೆ.

ಐದು ನಿಮಿಷ ಸುಮ್ನೆ ಕೂರಿಸಿ. ಬೆನ್ನಿಗೆ ಆಸರೆ, ತೋಳು ಎದೆಯ ಮಟ್ಟಕ್ಕೆ. ಬರಿ ತೋಳಿಗೆ ಪಟ್ಟಿ ಕಟ್ಟಿ, ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ, ಎರಡನ್ನೂ ಬರೆದಿಡಿ. ಚೆನ್ನಾಗಿ ಬಂದದ್ದನ್ನು ಮಾತ್ರ ಬರೆಯಬೇಡಿ! ಬೆಳಿಗ್ಗೆ, ಸಂಜೆ ಹೀಗೇ ನೋಡಿ. ವಾರದ ಸರಾಸರಿ 135/85 ದಾಟಿದರೆ ಆ ವಹಿ ತಗೊಂಡೇ ಡಾಕ್ಟರ ಹತ್ತಿರ ಹೋಗಿ. ಹೀಗೆ ಸರಿಯಾಗಿ ನೋಡಿದರೂ ನಂಬರ್ ತುಂಬಾ ಹಾರಾಡುತ್ತಿದ್ದರೆ ನಾಡಿ ತಾಳ ತಪ್ಪಿರಬಹುದು. ಆಗ ಈ ಲೆಕ್ಕ ನಂಬಬೇಡಿ, ಇಸಿಜಿ ಮಾಡಿಸಿ.

ಪಾದರಸದ್ದು ಬೇಡ. ಒಡೆದರೆ ವಿಷ.

ಪ್ರಶ್ನೆ: ಮೊಬೈಲ್ ಕ್ಯಾಮೆರಾ ಮೇಲೆ ಬೆರಳಿಟ್ಟರೆ ಬಿಪಿ ಹೇಳುವ ಆ್ಯಪ್ ನಂಬಬಹುದಾ? – ಹುಮನಾಬಾದ್

ಉತ್ತರ: ಬೇಡ. ನಾಡಿ ಎಣಿಸಲಿ, ಸಾಕು.

ಪ್ರಶ್ನೆ: ಈಗ 120/80 ಬರ್ತಿದೆ. ಪರಿಚಯದವರೊಬ್ಬರು ಗುಳಿಗೆ ಬಿಟ್ಟು ತಮ್ಮ ಚೂರ್ಣ ತಗೊಳ್ಳಿ ಅಂತಾರೆ. – ಶಹಾಪುರ

ಉತ್ತರ: ಗುಳಿಗೆ ತಗೊಳ್ಳುತ್ತಿರೋದಕ್ಕೇ 120 ಬರ್ತಿರೋದು. ನಿಮ್ಮ ಡಾಕ್ಟರನ್ನು ಕೇಳದೆ ಒಂದನ್ನೂ ಬಿಡಬೇಡಿ. ಚೂರ್ಣದಲ್ಲಿ ಏನೇನು ಹಾಕಿದ್ದೀರಿ ಅಂತ ಒಂದು ಚೀಟಿಯಲ್ಲಿ ಬರೆದು ಸಹಿ ಮಾಡಿ ಕೊಡಲು ಹೇಳಿ, ಕೊಡ್ತಾರಾ ನೋಡೋಣ.