60 ಅಡಿ ಮೆಶ್‌ನಲ್ಲಿ ಅತಿ ದೊಡ್ಡ ಕೈತೋಟ ಮಾಡಲು ಉದ್ದ, ಅಗಲ ಎಷ್ಟಿಡಬೇಕು?

ನೀವು ಕೇಳಿದ್ದು ಇಷ್ಟು: ಬೆಂಗಳೂರಿನಲ್ಲಿ 40×60ರ ಖಾಲಿ ಸೈಟಿದೆ. ಹಿಂದುಗಡೆ ಮನೆಯವರ ಕಾಂಪೌಂಡ್ ಗೋಡೆ 40 ಅಡಿಯುದ್ದಕ್ಕೂ ಇದೆ. ಉಳಿದ ಕಡೆ ಏನೂ ಇಲ್ಲ, ದನ, ಬೀದಿನಾಯಿ ನುಗ್ಗುತ್ತವೆ. ಕೈಯಲ್ಲಿರುವುದು 60 ಅಡಿ ಮೆಶ್. ಗೋಡೆಯನ್ನೇ ಒಂದು ಬದಿ ಮಾಡಿಕೊಂಡು ಆಯತದ ಕೈತೋಟ ಮಾಡಬೇಕು. ಚೌಕ ಮಾಡಿದರೆ ಜಾಗ ಜಾಸ್ತಿ ಸಿಗುತ್ತೆ ಅಂತ ಸ್ನೇಹಿತರು ಹೇಳಿದ್ದಾರೆ, ಅದು ಸರಿಯಾ?

ಇಲ್ಲಿ ಸರಿಯಲ್ಲ. ಗೋಡೆಯುದ್ದಕ್ಕೆ 30 ಅಡಿ, ಗೋಡೆಯಿಂದ ಮುಂದಕ್ಕೆ 15 ಅಡಿ ಇಡಿ. 450 ಚದರ ಅಡಿ ಸಿಗುತ್ತದೆ. 20×20ರ ಚೌಕದಲ್ಲಿ ಸಿಗುವುದು 400.

ನಾಲ್ಕೂ ಕಡೆ ಮೆಶ್ ಹಾಕಬೇಕಿದ್ದರೆ ಸ್ನೇಹಿತರ ಮಾತು ನಿಜ. ಆಗ 15×15ರ ಚೌಕವೇ ದೊಡ್ಡದು, 225 ಚದರ ಅಡಿ. ಗೋಡೆ ಬಂದರೆ ಲೆಕ್ಕ ಬದಲಾಗುತ್ತದೆ. ಗೋಡೆಯುದ್ದಕ್ಕೆ ಒಂದಡಿ ಹಿಗ್ಗಿಸಲು ಒಂದಡಿ ಮೆಶ್ ಸಾಕು. ಮುಂದಕ್ಕೆ ಒಂದಡಿ ಹಿಗ್ಗಿಸಲು ಎರಡಡಿ ಬೇಕು, ಎರಡು ಪಕ್ಕಗಳೂ ಬೆಳೆಯಬೇಕಲ್ವಾ.

ನಾನು ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಅಲ್ಲಿ ಇದನ್ನು ಕ್ಯಾಲ್ಕುಲಸ್‌ನಲ್ಲಿ ಮಾಡುತ್ತೇವೆ. ಉತ್ತರ ಬರುತ್ತದೆ, ಯಾಕೆ ಬಂತು ಅನ್ನುವುದು ಕಣ್ಣಿಗೆ ಕಾಣುವುದಿಲ್ಲ. ನನಗೆ ತುಂಬಾ ಇಷ್ಟವಾದ ದಾರಿ ಬೇರೆ ಇದೆ. ಗೋಡೆಯ ಜಾಗದಲ್ಲಿ ದೊಡ್ಡ ಕನ್ನಡಿ ಇದೆ ಅಂದುಕೊಳ್ಳಿ. ಈಚೆ ನಿಮ್ಮ ತೋಟ, ಆಚೆ ಅದರ ಪ್ರತಿಬಿಂಬ. ಎರಡೂ ಸೇರಿದರೆ 120 ಅಡಿ ಮೆಶ್ ಸುತ್ತಿದ ಒಂದು ದೊಡ್ಡ ಆಯತ. ನಡುವೆ ಗೋಡೆಯೇ ಇಲ್ಲ! ನಿಮ್ಮ ತೋಟ ದೊಡ್ಡದಾದರೆ ಇದೂ ದೊಡ್ಡದಾಗುತ್ತದೆ. ಈಗ ಸ್ನೇಹಿತರ ಮಾತನ್ನು ಇದಕ್ಕೆ ಹಾಕಿ: ಚೌಕ, 30×30. ಕನ್ನಡಿಯ ಗೆರೆಯಲ್ಲಿ ಅದನ್ನು ಅರ್ಧ ಮಾಡಿದರೆ 30×15. ಚೌಕ ಇದ್ದೇ ಇದೆ, ಅರ್ಧ ಗೋಡೆಯಾಚೆ ಇದೆ ಅಷ್ಟೇ.

ಚೌಕವೇ ಯಾಕೆ ದೊಡ್ಡದು? ಆ ದೊಡ್ಡ ಆಯತದ ಉದ್ದ, ಅಗಲ ಕೂಡಿದರೆ 60. ಒಂದನ್ನು 33 ಮಾಡಿದರೆ ಇನ್ನೊಂದು 27, ಗುಣಿಸಿದರೆ 891. 900ಕ್ಕೆ 9 ಕಡಿಮೆ, ಅಂದರೆ ಮೂರರ ವರ್ಗ. 35 ಮತ್ತು 25 ಮಾಡಿದರೆ 875, ಐದರ ವರ್ಗದಷ್ಟು ಕಡಿಮೆ. 30ರಿಂದ ಎಷ್ಟು ದೂರ ಹೋದರೂ ಅದರ ವರ್ಗದಷ್ಟು ಕಳೆದುಕೊಳ್ಳುತ್ತೀರಿ.

ಇದರಿಂದ ಇನ್ನೊಂದು ಒಳ್ಳೆಯ ಸುದ್ದಿ. ಸ್ವಲ್ಪ ಆಚೀಚೆ ಆದರೆ ನಷ್ಟ ತೀರಾ ಕಡಿಮೆ. ಮುಂದಕ್ಕೆ 14 ಅಡಿ ಆದರೂ 16 ಆದರೂ 448 ಸಿಗುತ್ತದೆ. ಹಾಗಾಗಿ ಅಡ್ಡಕ್ಕೆ ಮರವೋ ಚರಂಡಿಯೋ ಸಿಕ್ಕರೆ ಒಂದಡಿಗೆ ತಲೆ ಕೆಡಿಸಿಕೊಳ್ಳಬೇಡಿ. ಸೈಟು ಚೊಕ್ಕವಾಗಿದ್ದರೆ ಮಾತ್ರ 30×15 ಅನ್ನೇ ಇಡಿ. ಏಳೂವರೆ ಅಡಿಗೊಂದು ಕಂಬ ನೆಟ್ಟರೆ ಎಲ್ಲ ಮೂಲೆಗೂ ಸರಿಯಾಗಿ ಕೂರುತ್ತದೆ, ಒಟ್ಟು 9 ಕಂಬ.

ಉಳಿದ ಕಡೆ ಏನೂ ಇಲ್ಲ ಅಂದಿದ್ದೀರಿ, ಆದರೂ ಮೆಶ್ ಬಿಚ್ಚುವ ಮೊದಲು ಸೈಟಿನ ಪಕ್ಕಗಳನ್ನು ಒಮ್ಮೆ ನೋಡಿ. ಒಂದು ಪಕ್ಕದವರೂ ಕಾಂಪೌಂಡ್ ಕಟ್ಟಿದ್ದರೆ ಆ ಮೂಲೆಯಲ್ಲೇ ತೋಟ ಮಾಡಿ. 30×30, 900 ಚದರ ಅಡಿ, ಅದೇ ಮೆಶ್‌ನಲ್ಲಿ ಎರಡರಷ್ಟು! ಎರಡು ಕನ್ನಡಿ ಇಟ್ಟು ನೋಡಿ, ಇದೂ ಗೊತ್ತಾಗುತ್ತದೆ. ಎರಡೂ ಪಕ್ಕದಲ್ಲಿ ಪೂರ್ತಿ ಗೋಡೆಯಿದ್ದರೆ ಲೆಕ್ಕವೇ ಬೇಡ. ರಸ್ತೆ ಕಡೆ 40 ಅಡಿ ಮೆಶ್ ಎಳೆದರೆ ಇಡೀ 2400 ಚದರ ಅಡಿ ನಿಮ್ಮದೇ. ಲೇಔಟ್‌ಗಳಲ್ಲಿ ಸುತ್ತಲೂ ಮನೆ ಎದ್ದ ಸೈಟುಗಳಿಗೆ ಈ ಅನುಕೂಲ ಇರುತ್ತದೆ, ಮೊದಲು ಇದನ್ನೇ ನೋಡಿ.

ಗೇಟಿಗೆ ಮೆಶ್ ಕತ್ತರಿಸಬೇಡಿ. 3 ಅಡಿಯ ಹಳೇ ಗೇಟು ಸಿಕ್ಕರೆ ಬೇಲಿ 63 ಅಡಿ ಆದಂತೆ. ಆಗ ಉದ್ದ 31.5, ಅಗಲ 15.75, ಒಟ್ಟು 496 ಚದರ ಅಡಿ. ಮೂರಡಿ ಗೇಟಿನಿಂದ 46 ಚದರ ಅಡಿ ಜಾಸ್ತಿ ಸಿಕ್ಕಿತು.

ಗೋಡೆ ಯಾವ ದಿಕ್ಕಿಗಿದೆ ಅಂತ ನೀವು ಹೇಳಿಲ್ಲ. ದಕ್ಷಿಣಕ್ಕಿದ್ದರೆ, ಐದಡಿ ಗೋಡೆಯ ನೆರಳು ಬೆಂಗಳೂರಿನಲ್ಲಿ ಡಿಸೆಂಬರ್ ಮಧ್ಯಾಹ್ನವೂ ಮೂರೂವರೆಯಿಂದ ನಾಲ್ಕಡಿ ಬೀಳುತ್ತದೆ. ತೋಟ ಗೋಡೆಯುದ್ದಕ್ಕೆ ಹಬ್ಬಿರುವುದರಿಂದ ನೆರಳಿನ ಪಟ್ಟಿಯೂ 30 ಅಡಿ ಉದ್ದ ಇರುತ್ತದೆ. ಅಲ್ಲಿ ಪಾಲಕ್, ಕೊತ್ತಂಬರಿ ಹಾಕಿ. ಟೊಮೆಟೊ, ಬದನೆ, ಮೆಣಸಿನಗಿಡ ಮೆಶ್ ಕಡೆಗಿರಲಿ. ಕೊನೆಯ ಎರಡು ಕಂಬಗಳನ್ನು ಗೋಡೆಗೆ ತಾಗಿಸಿ ನೆಲದಲ್ಲೇ ಹೂಳಿ. ಗೋಡೆ ಅವರದು, ಕೇಳದೆ ಮೊಳೆ ಹೊಡೆಯಬೇಡಿ.