ಗಾಲ್ಫ್ ಚೀಲದಲ್ಲಿ ಸಿಕ್ಕ ಗುಳಿಗೆಗಳು

ಮೊದಲು ಫೋನ್ ಮಾಡಿದ್ದು ಅವರ ಹೆಂಡತಿ. "ಮೇಡಂ, ನಮ್ಮನಿಯವರು ಮುಚ್ಚಿಟ್ಟು ಗುಳಗಿ ತಗೋಳಾಕತ್ತಾರ್ರಿ" ಎಂದರು. ನಾನು ಆಪ್ತ ಸಮಾಲೋಚಕಿ, ಇಂಥ ಫೋನ್ ಬಂದರೆ ನನ್ನ ತಲೆ ಎಲ್ಲೆಲ್ಲಿಗೋ ಓಡುತ್ತದೆ. ನಿದ್ದೆ ಗುಳಿಗೆಯಾ, ಚಟವಾ, ಬದುಕು ಬೇಡ ಅಂತ ಏನಾದರೂ ಅಂದಿದ್ದಾರಾ? ಒಂದೊಂದೇ ಕೇಳಿದೆ. ಯಾವುದೂ ಅಲ್ಲ. ನೋವಿನ ಗುಳಿಗೆ. ಗಾಲ್ಫ್ ಚೀಲದ ಪಕ್ಕದ ಜೇಬಿನಲ್ಲಿ, ಹಳೆಯ ಕೈಗವಸಿನೊಳಗೆ ತುರುಕಿಟ್ಟ ಐದು ಸ್ಟ್ರಿಪ್. ಮೂರು ಖಾಲಿ.

ಇಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಗುಳಿಗೆ ಮುಚ್ಚಿಟ್ಟವರನ್ನು ಸಾಹೇಬರು ಅನ್ನೋಣ. ಬೆಳಗಾವಿಯಲ್ಲಿ ನಿವೃತ್ತ ಸಾಹೇಬರಿಗೇನೂ ಬರವಿಲ್ಲ, ಆ ಹೆಸರಿನಿಂದ ಯಾರ ಗುರುತೂ ಹತ್ತುವುದಿಲ್ಲ. ವಯಸ್ಸು 68. ಬೈಲಹೊಂಗಲ ಕಡೆಯ ಒಕ್ಕಲುತನದ ಮನೆಯವರು. ಸೇನೆಯಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದವರು. ಗಾಲ್ಫ್ ಕಲಿತದ್ದು ಉತ್ತರದ ಯಾವುದೋ ಕ್ಯಾಂಟೋನ್‌ಮೆಂಟಿನಲ್ಲಿ, ಮೂವತ್ತು ದಾಟಿದ ಮೇಲೆ. ಆಗ ರಜೆಗೆ ಊರಿಗೆ ಬಂದು ಆಟದ ಬಗ್ಗೆ ಹೇಳಿದರೆ ಅಪ್ಪ, "ಕೋಲ್ ತಗೊಂಡ್ ಚೆಂಡ ಹೊಡ್ಯಾಕ ರೊಕ್ಕಾನೂ ಕೊಡ್ತೀರೇನಪಾ?" ಅಂತ ನಕ್ಕಿದ್ದರಂತೆ.

ನನ್ನ ಕೋಣೆ ಇರುವುದು ಟಿಳಕವಾಡಿಯ ಒಂದು ಹಳೆಯ ಕಟ್ಟಡದ ಮೊದಲ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಸಾಹೇಬರು ಮೊದಲ ದಿನ ಮೆಟ್ಟಿಲು ಹತ್ತಿ ಬಂದಾಗ ಏನೂ ಗೊತ್ತಾಗಲಿಲ್ಲ. ನೆಟ್ಟಗಿನ ಬೆನ್ನು, ಇಸ್ತ್ರಿ ಮಾಡಿದ ಅಂಗಿ. "ಸುಮ್ನ ಆಕಿ ಸಮಾಧಾನಕ್ಕ ಬಂದೀನ್ರಿ, ನನಗೇನೂ ಆಗಿಲ್ಲ" ಅಂದರು. ಒಂದು ಗಂಟೆ ಹವಾಮಾನ, ಮಕ್ಕಳು, ಪೆನ್ಶನ್ ಮಾತಾಡಿ ಎದ್ದರು. ಬಾಗಿಲವರೆಗೆ ಬಿಡಲು ಹೋದಾಗ ನೋಡಿದೆ. ಇಳಿಯುವಾಗ ಅವರು ಗೋಡೆಗೆ ಮುಖ ಮಾಡಿ, ಎರಡೂ ಕೈಯಲ್ಲಿ ಕಂಬಿ ಹಿಡಿದು, ಏಡಿಯ ಹಾಗೆ ಅಡ್ಡಡ್ಡ ಇಳಿಯುತ್ತಿದ್ದರು. ಒಂದು ಮೆಟ್ಟಿಲು, ಒಂದು ಉಸಿರು. ಹಿಂತಿರುಗಿ ನನ್ನನ್ನು ನೋಡಿದವರೇ ನೆಟ್ಟಗಾಗಿ ಉಳಿದ ನಾಲ್ಕು ಮೆಟ್ಟಿಲನ್ನು ಸರಸರ ಇಳಿದರು. ಆ ನಾಲ್ಕು ಮೆಟ್ಟಿಲಿಗೆ ಅವರು ಎಷ್ಟು ನೋವು ತಿಂದರೋ.

ಎರಡನೇ ಸಲ ಬಂದಾಗ ಒಂದಿಷ್ಟು ಹೇಳಿದರು. ಎಡ ಮೊಣಕಾಲಿನ ಸವೆತ, ಟೊಂಕದ ನೋವು, ಎರಡೂ ಹೆಬ್ಬೆರಳಿನ ಬುಡದಲ್ಲಿ ಬೆಳಗಿನ ಬಿಗಿತ. ಚಹಾದ ಕಪ್ಪನ್ನು ಅವರು ಕಿವಿ ಹಿಡಿದು ಎತ್ತುತ್ತಿರಲಿಲ್ಲ, ಎರಡೂ ಅಂಗೈಯಿಂದ ತಬ್ಬಿ ಎತ್ತುತ್ತಿದ್ದರು. ವಾರಕ್ಕೆ ನಾಲ್ಕು ದಿನ ಪೂರ್ತಿ 18 ಹೋಲ್, ಅಂದರೆ ಒಂದಾದ ಮೇಲೊಂದು ಹದಿನೆಂಟು ಕುಳಿಗೆ ಚೆಂಡು ಹಾಕುತ್ತ ಸಾಗುವ ಇಡೀ ಸುತ್ತು. ಪ್ರತಿ ಸಲ ಎಂಟು, ಒಂಬತ್ತು ಕಿಲೋಮೀಟರ್ ನಡಿಗೆ. ಆಡುವ ಮುನ್ನ ಎರಡು ಗುಳಿಗೆ, ಆಡಿ ಬಂದ ಮೇಲೆ ಇನ್ನೊಂದು. ಜೊತೆಗೆ ಬಿಪಿ ಮಾತ್ರೆ ಬೇರೆ.

ಇಲ್ಲಿ ನಾನು ತಪ್ಪು ಮಾಡಿದೆ. ನಿವೃತ್ತರನ್ನು ನೋಡಿ ನೋಡಿ ನನ್ನ ಬಳಿ ಒಂದು ಸಿದ್ಧ ಉತ್ತರ ಇತ್ತು: ಕೆಲಸ ಹೋಯಿತು, ಹೊತ್ತು ಹೋಗುವುದಿಲ್ಲ, ಅದಕ್ಕೇ ಆಟಕ್ಕೆ ಅಂಟಿಕೊಂಡಿದ್ದಾರೆ. "ಸ್ವಲ್ಪ ದಿನ ಬಿಡ್ರಿ, ವ್ಯಾಕ್ಸಿನ್ ಡಿಪೋ ಮೈದಾನದಾಗ ವಾಕಿಂಗ್ ಮಾಡ್ರಿ, ಅಲ್ಲೂ ಗೆಳೆಯರು ಸಿಗ್ತಾರ" ಅಂದೆ. ಅವರು ನಕ್ಕು ತಲೆಯಾಡಿಸಿದರು. ಮೂರು ವಾರ ಬರಲಿಲ್ಲ.

ಆ ಮೂರು ವಾರದಲ್ಲಿ ಅವರ ಹೆಂಡತಿ ಒಂದು ವಿಷಯ ಹೇಳಿದರು. 2022ರ ಆಗಸ್ಟ್ ನಮ್ಮೂರಲ್ಲಿ ಯಾರಿಗೂ ಮರೆಯುವ ಹಾಗಿಲ್ಲ. ಗಾಲ್ಫ್ ಮೈದಾನದ ಪೊದೆಗಳಲ್ಲಿ ಚಿರತೆ ಸೇರಿಕೊಂಡು, ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟು, ಹುಡುಕಲು ಸಕ್ರೆಬೈಲಿನಿಂದ ಆನೆ ತರಿಸಿದ್ದ ಕಾಲ ಅದು. "ಆವಾಗ ಆಟ ಬಂದ್ ಇತ್ತಲ್ರಿ. ಮೊಣಕಾಲ ಎಷ್ಟೋ ಬೇಸಿ ಆಗಿತ್ತು. ಆದ್ರ ಮನುಷ್ಯಾ ಮಾತಽ ಬಿಟ್ಟಿದ್ರು. ಊಟಕ್ಕ ಕುಂತ್ರ ತಾಟ ನೋಡ್ತಿದ್ರು." ಆಡದಿದ್ದರೆ ಕಾಲು ಸುಧಾರಿಸುತ್ತದೆ, ಮನುಷ್ಯ ಕುಸಿಯುತ್ತಾರೆ. ಬಿಡಿಸಲು ಹೊರಟ ನನಗೆ ಇದನ್ನು ಮೊದಲೇ ಕೇಳಬೇಕು ಅನ್ನಿಸಿರಲಿಲ್ಲ.

ಮೂರನೇ ಭೇಟಿಗೆ ನಾನೇ ಫೋನ್ ಮಾಡಿ ಕರೆದೆ. "ನನಗ ಗಾಲ್ಫ್ ಅಂದ್ರೇನಂತ ಗೊತ್ತಿಲ್ಲ. ಕಲಿಸ್ತೀರೇನು?" ಅಂದೆ. ಒಂದು ಕೋಲು, ಎರಡು ಚೆಂಡು ತಂದರು. ಕುರ್ಚಿ ಸರಿಸಿ ಕೋಣೆಯ ನಡುವೆ ನಿಂತರು. ಬಲಗೈ ಆಟಗಾರನಿಗೆ ಹೊಡೆತದ ಕೊನೆಯಲ್ಲಿ ಮೈಭಾರವೆಲ್ಲ ಎಡಗಾಲಿಗೆ ಬರುತ್ತದೆ, ಪಾದ ನೆಲದಲ್ಲಿ ಊರಿರುವಾಗ ಮೈ ತಿರುಗುತ್ತದೆ, ತಿರುಚುವುದು ಮೊಣಕಾಲು. ಇದನ್ನು ತೋರಿಸುವಾಗ ಅವರ ಮುಖದಲ್ಲಿ ಮೊದಲ ಸಲ ನೋವು ಕಂಡಿತು. ಮುಚ್ಚಿಕೊಳ್ಳಲಿಲ್ಲ.

ಆಮೇಲೆ ಟೀ ಬಗ್ಗೆ ಬಂತು ಮಾತು. ಚಹಾ ಅಲ್ಲ. ಪ್ರತಿ ಹೋಲಿನಲ್ಲೂ ಮೊದಲ ಹೊಡೆತ ಹೊಡೆಯುವ ಜಾಗಕ್ಕೆ ಟೀ ಅನ್ನುತ್ತಾರೆ. ಹಿಂದೆ ಒಂದು, ಮುಂದೆ ಒಂದು, ಬೇರೆ ಬೇರೆ ಬಣ್ಣದ ಗುರುತು. ಮುಂದಿನದರಿಂದ ಹೊಡೆದರೆ ದೂರ ಕಡಿಮೆ. ಗಂಡಸರ ಬಾಯಲ್ಲಿ ಅದರ ಹೆಸರು ಹೆಂಗಸರ ಟೀ. ಒಂದು ವರ್ಷದ ಹಿಂದೆ, ಜೊತೆಯಲ್ಲಿ ಆಡುವ ಒಬ್ಬರು, ಸೇವೆಯಲ್ಲಿದ್ದಾಗ ಇವರ ಕೈಕೆಳಗೆ ಇದ್ದವರು, ಎಲ್ಲರ ಮುಂದೆ ಅಂದಿದ್ದರು: "ಸರ್, ಇನ್ನ ನೀವು ಮುಂದಿಂದ ಹೊಡೀರಿ."

"ಅಂವಾ ಪ್ರೀತಿಲೇನ ಅಂದಿದ್ದು" ಅಂದರು ಸಾಹೇಬರು. ಚೆಂಡನ್ನು ಅಂಗೈಯಲ್ಲಿ ಉರುಳಿಸುತ್ತ ಕೂತರು. "ಮರುದಿವ್ಸದಿಂದ ಗುಳಗಿ ಎರಡ ಮಾಡಿದ್ಯಾ."

ಅಂದರೆ ಒಂದೇ ಗುಳಿಗೆ ಮೊದಲೂ ಇತ್ತು. ಎರಡನೆಯದು ಮೊಣಕಾಲಿಗಲ್ಲ.

ಸೇನೆ ಬಿಟ್ಟಾಗ ಇಷ್ಟು ನೋವಾಗಿರಲಿಲ್ಲವಂತೆ. ಅದಕ್ಕೊಂದು ತಾರೀಕಿತ್ತು, ಹೂವಿನ ಹಾರ ಇತ್ತು, ಊಟ ಇತ್ತು. ಇದಕ್ಕೆ ಏನೂ ಇಲ್ಲ. ಒಂದು ಬೆಳಿಗ್ಗೆ ಯಾರೋ ನಲವತ್ತು ಗಜ ಮುಂದೆ ಹೋಗು ಅಂದರೆ ಮುಗೀತು. "ನಮ್ಮಪ್ಪ ಎಂಬತ್ತಕ್ಕೂ ಹೊಲದಾಗ ಕುಂಟಿ ಹೊಡೀತಿದ್ದ್ರಿ" ಅಂದರು. ಅಪ್ಪನಿಗೆ ಮೊಣಕಾಲು ನೋಯುತ್ತಿರಲಿಲ್ಲವಾ ಅಂತ ಕೇಳಿದೆ. ತುಸು ಹೊತ್ತು ಸುಮ್ಮನಿದ್ದರು. ರಾತ್ರಿ ಅವ್ವ ಅಪ್ಪನ ಕಾಲಿಗೆ ಎಣ್ಣೆ ಕಾಯಿಸಿ ತಿಕ್ಕುತ್ತಿದ್ದದ್ದು ನೆನಪಿಗೆ ಬಂತು. ಅಪ್ಪ ಹೊಲದಲ್ಲಿ ಬಾಯಿ ಬಿಡುತ್ತಿರಲಿಲ್ಲ. ಮನೆಯಲ್ಲಿ ನರಳುತ್ತಿದ್ದರು. ಇವರು ಮನೆಯಲ್ಲೂ ಬಾಯಿ ಬಿಟ್ಟಿರಲಿಲ್ಲ.

ಈಗ ಕೊಟ್ಟ ಸಲಹೆ. ಎಲ್ಲಕ್ಕಿಂತ ಮೊದಲು ಗುಳಿಗೆ, ಅದರಲ್ಲಿ ಚೌಕಾಶಿ ಇಲ್ಲ. ನಾನು ಡಾಕ್ಟರ್ ಅಲ್ಲ, ಆದರೆ ಡೈಕ್ಲೋಫೆನಾಕ್ ಥರದ ನೋವಿನ ಗುಳಿಗೆಯನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ ಹುಣ್ಣಾಗಬಹುದು, ಬಿಪಿ ಏರಬಹುದು, ಕಿಡ್ನಿಗೆ ಪೆಟ್ಟು ಬೀಳಬಹುದು, ಕೆಲವು ಬಿಪಿ ಮಾತ್ರೆಗಳ ಜೊತೆ ಸೇರಿದರೆ ಕಿಡ್ನಿಗೆ ಇನ್ನೂ ಜಾಸ್ತಿ ಅಪಾಯ ಅನ್ನುವಷ್ಟು ಗೊತ್ತಿದೆ. ಐದೂ ಸ್ಟ್ರಿಪ್, ಖಾಲಿಯವನ್ನೂ ಸೇರಿಸಿ, ಡಾಕ್ಟರ್ ಮೇಜಿನ ಮೇಲೆ ಇಟ್ಟು ಎಷ್ಟು ದಿನದಿಂದ ಅಂತ ಹೇಳಿ ಅಂದೆ. ಹೋದರು. ರಕ್ತ ಪರೀಕ್ಷೆಯಲ್ಲಿ, ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ತುಸು ಹೆಚ್ಚಿತ್ತು. ಗುಳಿಗೆ ನಿಂತಿತು. ಹಚ್ಚಿಕೊಳ್ಳುವ ಮುಲಾಮು, ಬೇಕಾದಾಗ ಪ್ಯಾರಾಸಿಟಮಾಲ್, ಮತ್ತು ಫಿಸಿಯೋಥೆರಪಿ.

ಎರಡನೆಯದು ಒಂದು ವಹಿ. ಪ್ರತಿ ಹೋಲ್ ಮುಗಿದ ಮೇಲೆ ಸ್ಕೋರ್ ಬರೆಯುತ್ತಾರಲ್ವಾ, ಅದರ ಪಕ್ಕದಲ್ಲೇ ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕ ಬರೆಯಿರಿ ಅಂದೆ. ಫೌಜಿನವರಿಗೆ ಲೆಕ್ಕ ಕೊಟ್ಟರೆ ಖುಷಿ. ಎರಡು ವಾರದಲ್ಲಿ ಚಿತ್ರ ಬಂತು: ಮೊದಲ ಎರಡು ಹೋಲ್ 5, ಆಮೇಲೆ 3, ಹತ್ತರ ತನಕ ಹಾಗೇ, ಹನ್ನೊಂದರಿಂದ 6, ಕೊನೆಗೆ 8. ಮೊದಲಿನ ಐದು ಮೈ ಕಾಯದ್ದರಿಂದ. ಕಾರಿನಿಂದ ಇಳಿದು ನೇರ ಹೊಡೆಯಲು ನಿಲ್ಲುತ್ತಿದ್ದರು. ಈಗ ಹತ್ತು ನಿಮಿಷ ನಡೆದು, ಸಣ್ಣ ಹೊಡೆತಗಳಿಂದ ಶುರು ಮಾಡುತ್ತಾರೆ. ಇನ್ನು ಹನ್ನೊಂದರ ನಂತರದ ಏರಿಕೆಗೆ ಔಷಧಿ ಒಂದೇ, ಒಂಬತ್ತಕ್ಕೆ ನಿಲ್ಲಿಸುವುದು. ಇದನ್ನು ನಾನು ಹೇಳಬೇಕಾಗಲಿಲ್ಲ. ತಮ್ಮದೇ ಅಕ್ಷರದ 8ರ ಸಾಲು ನೋಡಿ ಅವರೇ "ಒಂಬತ್ತ ಸಾಕಲ್ರಿ" ಅಂದರು. ವಾರಕ್ಕೆ ನಾಲ್ಕು ದಿನ ಹೋಗಿ ಮೂರಾಯಿತು.

ಫಿಸಿಯೋ ಹುಡುಗ ಚೆನ್ನಾಗಿ ಕೆಲಸ ಮಾಡಿದ. ಎಡ ಪಾದವನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ ನಿಲ್ಲಿ, ತಿರುಚುವಿಕೆ ಕಡಿಮೆಯಾಗುತ್ತದೆ ಅಂದನಂತೆ. ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಕೊಟ್ಟ. ಚೀಲ ಹೊರುವುದು ಬಿಡಿಸಿ ತಳ್ಳುಗಾಡಿ ಹಿಡಿಸಿದ. ಎಳೆಯಬೇಡಿ, ತಳ್ಳಿ ಅಂತ ಒತ್ತಿ ಹೇಳಿದ. ಬೆರಳಿಗೆ ದಪ್ಪ ಹಿಡಿಕೆ. ನನಗೆ ನಗು ಬಂದದ್ದು ಒಂದಕ್ಕೆ. ಬಗ್ಗುವಾಗ ಒಂದು ಕೈ ಆಸರೆ ಹಿಡಿದು, ಒಂದು ಕಾಲನ್ನು ಹಿಂದಕ್ಕೆ ಎತ್ತಿ, ಬೆನ್ನು ಬಾಗಿಸದೆ ಚೆಂಡು ಎತ್ತುವ ಒಂದು ಭಂಗಿ ಇದೆ. ಬೆನ್ನುನೋವಿನ ಯಾರಿಗೇ ಆದರೂ ಫಿಸಿಯೋಗಳು ಕಲಿಸುವ ಅದರ ಹೆಸರೇ ಗಾಲ್ಫರ್ಸ್ ಲಿಫ್ಟ್. ಗಾಲ್ಫ್ ಹೆಸರಿನ ಆ ಭಂಗಿ ಮೂವತ್ತೈದು ವರ್ಷ ಗಾಲ್ಫ್ ಆಡಿದವರಿಗೆ ಗೊತ್ತಿರಲಿಲ್ಲ.

ಕಷ್ಟದ ಭಾಗ ಗೆಳೆಯರಿಗೆ ಹೇಳುವುದು. ಮತ್ತೊಬ್ಬರು ಹೇಳಿ ಮುಂದೆ ಹೋಗುವುದಕ್ಕೂ ತಾನೇ ಹೇಳಿ ಹೋಗುವುದಕ್ಕೂ ಅವರ ಮನಸ್ಸಿನಲ್ಲಿ ಭೂಮಿ ಆಕಾಶದಷ್ಟು ವ್ಯತ್ಯಾಸ. ಹಾಗಾದರೆ ನೀವೇ ಮೊದಲು ಹೇಳಿ ಅಂದೆ. ನನ್ನ ಕೋಣೆಯಲ್ಲೇ ತಾಲೀಮು ನಡೆಯಿತು. ಮೊದಲ ಪ್ರಯತ್ನ ಭಾಷಣದ ಹಾಗಿತ್ತು. ಎರಡನೆಯದರಲ್ಲಿ ಕ್ಷಮೆ ಕೇಳುತ್ತಿದ್ದರು. ಆರನೆಯದೋ ಏಳನೆಯದೋ ಹೀಗೆ ನಿಂತಿತು: "ಇವತ್ತಿಂದ ನಾ ಮುಂದಿಂದ ಹೊಡಿತೀನಿ, ಒಂಬತ್ತಕ್ಕ ಚಹಾ ಕುಡ್ಯಾಕ ಹೋಗ್ತೀನಿ. ಬರೋರು ಬರ್ರಿ." ಅಷ್ಟೇ. ಕಾರಣ ಹೇಳುವುದು ಬೇಡ ಅಂತ ನಿರ್ಧಾರವಾಯಿತು.

ಇದರ ನಡುವೆ ಒಂದು ವಾದವೂ ಆಯಿತು. ಟಾಮ್ ವಾಟ್ಸನ್ ಅನ್ನುವ ಅಮೆರಿಕದ ಆಟಗಾರ 2009ರಲ್ಲಿ, 59ನೇ ವಯಸ್ಸಿನಲ್ಲಿ, ಬ್ರಿಟಿಷ್ ಓಪನ್ ಗೆಲ್ಲುವುದರಲ್ಲಿದ್ದರಂತೆ. ಕೊನೆಯ ಹೋಲಿನಲ್ಲಿ ಒಂದು ಪಟ್, ಅಂದರೆ ಕುಳಿಯ ಹತ್ತಿರದಿಂದ ಚೆಂಡು ಉರುಳಿಸುವ ಹೊಡೆತ, ತಪ್ಪಿ ಸಮ ಆಗಿ, ಪ್ಲೇಆಫ್‌ನಲ್ಲಿ ಸ್ಟೀವರ್ಟ್ ಸಿಂಕ್‌ಗೆ ಸೋತರು. "ಅಂಥವರು ಹಿಂದಿನ ಟೀ ಬಿಟ್ರೇನ್ರಿ?" ಅಂದರು ಸಾಹೇಬರು. ನಾನು ಮನೆಗೆ ಹೋಗಿ ಓದಿ ಬಂದೆ. ಅದಕ್ಕೂ ಹಿಂದಿನ ವರ್ಷ, 2008ರ ಅಕ್ಟೋಬರ್‌ನಲ್ಲಿ, ವಾಟ್ಸನ್ ಸೊಂಟದ ಕೀಲು ಬದಲಿಸಿಕೊಂಡಿದ್ದರು. "ಅವರು ಡಾಕ್ಟರ ಕಡೆ ಹೋಗಿದ್ರಲ್ರಿ" ಅಂದೆ. ಸಾಹೇಬರು ಜೇಬಿನಿಂದ ಚೆಂಡು ತೆಗೆದು, ಎದ್ದು ನಿಂತು, ಮೊಣಕಾಲಿನ ಎತ್ತರದಿಂದ ನೆಲಕ್ಕೆ ಬಿಟ್ಟರು. ಚೆಂಡು ಹೊಂಡದಂಥ ಪೆನಾಲ್ಟಿ ಜಾಗಕ್ಕೆ ಬಿದ್ದಾಗ, ಹೊರಗೆ ಬಂದು ಆಡಲು ಚೆಂಡನ್ನು ಹೀಗೆ ಬಿಡಬೇಕಂತೆ. ಮೊದಲು ಹೆಗಲ ಎತ್ತರದಿಂದ ಇತ್ತು, 2019ರಿಂದ ಮೊಣಕಾಲಿಗೆ ಇಳಿಸಿದ್ದಾರೆ. "ರೂಲೂ ಮೊಣಕಾಲಿಗೇ ಬಂದೈತಿ ನೋಡ್ರಿ" ಅಂದು ನಕ್ಕರು. ವಾದ ಅಲ್ಲಿಗೆ ನಿಂತಿತು.

ಹೆಂಡತಿಗೂ ಒಂದು ಮಾತು ಹೇಳಿದೆ. ಸಾಹೇಬರು ಆಡಿ ಬಂದು ಬಾಗಿಲು ದಾಟುತ್ತಿದ್ದ ಹಾಗೆ ಇವರು "ಕಾಲು ನೋವಾತೇನ್ರಿ?" ಅಂತ ಕೇಳುತ್ತಿದ್ದರು. ಅದಕ್ಕೆ ಇಲ್ಲ ಅನ್ನುವುದು ಬಿಟ್ಟರೆ ಆ ಮನುಷ್ಯನಿಗೆ ಬೇರೆ ದಾರಿಯೇ ಇರಲಿಲ್ಲ. "ಅಕ್ಕಾರ, ಮೊದ್ಲ ಆಟ ಹೆಂಗಾತು ಅಂತ ಕೇಳ್ರಿ, ಕಾಲಿನ ಸುದ್ದಿ ತಾನಾಗಿ ಬರ್ತೈತಿ" ಅಂದೆ. "ನನಗ ಆ ಆಟ ತಿಳೀಬೇಕಲ್ಲ?" ಅಂದರು. ತಿಳಿಯದಿದ್ದರೂ ಕೇಳಬಹುದು.

ಎಲ್ಲವೂ ಸರಿಹೋಯಿತು ಅಂತ ಅಂದುಕೊಳ್ಳಬೇಡಿ. ಮಳೆಗಾಲದಲ್ಲಿ ಹೆಬ್ಬೆರಳು ತೀರಾ ಹಠ ಮಾಡುತ್ತದೆ, ಆ ತಿಂಗಳುಗಳಲ್ಲಿ ಅವರು ಪಟ್ ಮಾತ್ರ ಅಭ್ಯಾಸ ಮಾಡುತ್ತಾರೆ. ಮೊಣಕಾಲು ಬದಲಿಸುವ ಮಾತು ಬಂದಿದೆ, ಇನ್ನೂ ನಿರ್ಧಾರ ಆಗಿಲ್ಲ. ನಾಲ್ವರ ತಂಡದಲ್ಲಿ ಇಬ್ಬರು ಒಂಬತ್ತಕ್ಕೆ ಚಹಾಕ್ಕೆ ಬರುತ್ತಾರೆ. ಆ ಹಳೆಯ ಕೈಕೆಳಗಿನವರು ಮಾತ್ರ ಹದಿನೆಂಟೂ ಆಡುತ್ತಾರೆ, ಅದನ್ನು ಸಾಹೇಬರು ಇನ್ನೂ ಪೂರ್ತಿ ನುಂಗಿಲ್ಲ. ಮೆಟ್ಟಿಲನ್ನು ಈಗ ನೇರ ಇಳಿಯುತ್ತಾರೆ, ಕಂಬಿ ಹಿಡಿದು, ನೋಯುವ ಕಾಲು ಮೊದಲು. ಹತ್ತುವಾಗ ಗಟ್ಟಿ ಕಾಲು ಮೊದಲು. ನಾನು ಬಾಗಿಲಲ್ಲಿ ನಿಂತಿದ್ದರೂ ಅವಸರ ಮಾಡುವುದಿಲ್ಲ.

ದೀಪಾವಳಿ ಆದ ಮೇಲೆ ಹೆಂಡತಿಯ ಫೋನ್ ಬಂತು. ಗೆಳೆಯರು ಸೇರಿ ಒಂದು ಪಂದ್ಯ ಇಟ್ಟುಕೊಂಡಿದ್ದರಂತೆ, ಹದಿನೆಂಟು ಹೋಲಿನದು. "ಒಂದ ಗುಳಗಿ ತಗೊಂಡ್ರು ಮೇಡಂ. ಆದ್ರ ನನಗ ಹೇಳಿ ತಗೊಂಡ್ರು."

ಡಾಕ್ಟರಿಗೂ ಹೇಳಲಿ ಅಂದೆ.

"ಅದನ್ನ ನೀವಽ ಹೇಳ್ರಿ" ಅಂದರು. ಮಂಗಳವಾರ ಬರುತ್ತಿದ್ದಾರೆ.